ಛತ್ರಿ ಸಾಹೇಬರ ಮುಯ್ಯಿ

ಮೂರನೇ ಸಲ ಗಂಟೆ ಬಾರಿಸಿದರೂ ಶಾಲೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಬರುವುದಾದರೂ ಹೇಗೆ? ಜುಲೈ ಬಂದರೂ ಮುಖ ತೋರಿಸದಿದ್ದ ಮಳೆ ಬೆಳಗಿನ ಜಾವ ಧೋ ಎಂದು ಸುರಿದಿತ್ತು. ಇವತ್ತು ನಾಟಿಯಾಗದಿದ್ದರೆ ಜಿರಿ ಬೆಟ್ಟದ ಮಗ್ಗುಲಿನ ಈ ಊರಿಗೆ ವರ್ಷವಿಡೀ ಅನ್ನವಿಲ್ಲ. ಹಾಗಾಗಿ ಊರಿಗೆ ಊರೇ, ಮಕ್ಕಳುಮರಿ ಸಮೇತ, ಕೆಸರಿಗೆ ಇಳಿದಿತ್ತು. ಖಾಲಿ ಕೋಣೆಯಲ್ಲಿ ಉಳಿದವರು ಇಬ್ಬರೇ. ಒಬ್ಬಳು ಟೀಚರ್ ಬೊಕ್‌ಹೀ. ಇನ್ನೊಬ್ಬರು, ಇದ್ದ ದಿನಗಳನ್ನೆಲ್ಲ ಬಿಟ್ಟು ಇವತ್ತೇ ಶಾಲೆ ನೋಡಲು ಬಂದಿದ್ದ ಇನ್‌ಸ್ಪೆಕ್ಟರ್ ನಾಮ್‌ಗುಂಗ್ ಸಾಹೇಬರು.

"ಊರಿಗೇ ಬೇಡವಾದ ಶಾಲೆ ಸರ್ಕಾರಕ್ಕೆ ಯಾಕಮ್ಮ? ಮುಚ್ಚಿಬಿಡೋಣ. ಗುಡ್ಡದಾಚೆ ದೊಡ್ಡ ಶಾಲೆ ಇದೆಯಲ್ಲ."

"ಗುಡ್ಡ ಹತ್ತಿ ಗಂಡುಹುಡುಗ್ರು ಹೋದಾರು ಸರ್. ಹುಡುಗೀರನ್ನ ಯಾರು ಕಳಿಸ್ತಾರೆ?" ಎಂದಳು ಬೊಕ್‌ಹೀ. ಯುದ್ಧ ನಿಂತ ಮೇಲೆ ಊರವರೇ ಮಣ್ಣು ಹೊತ್ತು ಕಟ್ಟಿದ ಕೋಣೆ ಇದು. "ಬೇಕೋ ಬೇಡ್ವೋ ಅಂತ ನೀವೇ ಅವರನ್ನ ಕೇಳಿ ಸರ್. ಗದ್ದೆಗೇ ಹೋಗೋಣ ಬನ್ನಿ."

ಮಧ್ಯಾಹ್ನ ಅವರು ಗದ್ದೆಗೆ ಬಂದಾಗ, ಕೇಳುವ ಮಾತು ಹಾಗಿರಲಿ, ಉಸಿರಾಡಲೂ ಯಾರಿಗೂ ಬಿಡುವಿರಲಿಲ್ಲ. ಈ ಬದುವಿನಿಂದ ಆ ಬದುವಿಗೆ ಕೆಂಪು ಬಟ್ಟೆಯ ಚೂರು ಕಟ್ಟಿದ ಉದ್ದನೆಯ ಹಗ್ಗ. ಒಂದೊಂದು ಚೂರಿನ ಬುಡಕ್ಕೆ ಒಂದೊಂದು ಹಿಡಿ ಪೈರು. ಸಾಲು ಮುಗಿದ ಕೂಡಲೇ ಎರಡೂ ತುದಿಯವರು 'ಹೋಯ್!' ಎಂದು ಕೂಗಿ ಹಗ್ಗವನ್ನು ಹಿಂದೆ ಸರಿಸಬೇಕು. ಆ ತುದಿಯಲ್ಲಿ ಹಾದೊಂಗ್ ಅಜ್ಜಿ ನಿಂತಿದ್ದಳು. ಹಾದೊಂಗ್ ಅವಳ ತವರೂರು. ಸೊಸೆಯಾಗಿ ಬಂದ ದಿನದಿಂದ ಊರು ಅವಳನ್ನು ಕರೆಯುವುದೇ ಹಾಗೆ. ಈ ತುದಿ ಹಿಡಿಯಬೇಕಾದವನು ಪೈರಿನ ಕಟ್ಟು ತರಲು ಹೋದವನು ಇನ್ನೂ ಬಂದಿರಲಿಲ್ಲ. ಹಗ್ಗ ಸಡಿಲವಾಗಿ ನೀರಿನಲ್ಲಿ ಬಿದ್ದಿತ್ತು.

ಅಜ್ಜಿಯ ಕಣ್ಣು ತುಂತುರು ಮಳೆಗೆ ಛತ್ರಿ ಹಿಡಿದು ಬದುವಿನ ಮೇಲೆ ನಿಂತಿದ್ದ ಸಾಹೇಬರ ಮೇಲೆ ಬಿತ್ತು.

"ಏಯ್ ಛತ್ರಿ! ಮಳೆಹನಿ ಎಣಿಸ್ತಾ ನಿಂತಿದ್ದೀಯಾ? ಎತ್ತು ಹಗ್ಗ!"

"ಅಜ್ಜೀ, ಅವ್ರು..." ಎಂದು ಬೊಕ್‌ಹೀ ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ತಬ್ಬಿಬ್ಬಾಗಿ ಛತ್ರಿ ಬಿಟ್ಟು ಹಗ್ಗ ಹಿಡಿದಿದ್ದರು. ಹಿಡಿದ ಮೇಲೆ ಬಿಡುವುದುಂಟೇ? "ಹೋಯ್!" ಎಂದಳು ಅಜ್ಜಿ. ಸಾಹೇಬರು ಎಳೆದ ರಭಸಕ್ಕೆ ಕೆಸರು ಚಿಮ್ಮಿ ಅವರ ಕನ್ನಡಕಕ್ಕೇ ಹಾರಿತು. "ಅಷ್ಟೊಂದು ಎಳೀಬೇಡ್ವೋ, ಇದೇನು ಎಮ್ಮೆನಾ?" ಎಂದು ಅಜ್ಜಿ ಗದರಿದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಬೊಕ್‌ಹೀಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಆದರೆ ಐದಾರು ಸಾಲು ಕಳೆಯುವುದರೊಳಗೆ ಸಾಹೇಬರ ಪ್ಯಾಂಟು ಮೊಣಕಾಲಿಗೆ ಏರಿತ್ತು, ಅವರ 'ಹೋಯ್' ಅಜ್ಜಿಯದಕ್ಕಿಂತ ಜೋರಾಗಿತ್ತು. ಮೀನಖಂಡಕ್ಕೆ ಹತ್ತಿದ್ದ ಜಿಗಣೆಯನ್ನು ಅವರೇ ಕಿತ್ತೆಸೆದಾಗ ಊರೆಲ್ಲ ಕೇಕೆ ಹಾಕಿತು. ಬೊಕ್‌ಹೀಯೂ ಲಂಗ ಎತ್ತಿ ಕಟ್ಟಿ ಮಕ್ಕಳ ಸಾಲಿಗೆ ಇಳಿದಳು. ಇಷ್ಟು ಖುಷಿ ಅವಳಿಗೆ ಎಷ್ಟೋ ದಿನದಿಂದ ಆಗಿರಲಿಲ್ಲ.

ಸಂಜೆ ಕೊನೆಯ ಗದ್ದೆ ಮುಗಿದು, ಬದುವಿನ ಮೇಲೆ ಜವೆಗೋಧಿ ಅನ್ನವೂ ಅಕ್ಕಿ ಹೆಂಡವೂ ಬಂದಾಗಲೇ ಛತ್ರಿಯವರು ಯಾರೆಂದು ಅಜ್ಜಿಗೆ ತಿಳಿದದ್ದು. ಅವಳೇನೂ ಬೆದರಲಿಲ್ಲ.

"ಸಾಹೇಬರಾದ್ರೇನು, ಅರ್ಧ ದಿನ ದುಡಿದಿದ್ದೀರಿ. ನಮ್ಮೂರಲ್ಲಿ ಮುಯ್ಯಾಳಿಗೆ ಮುಯ್ಯಾಳೇ ತೀರಿಸ್ಬೇಕು, ದುಡಿಮೆಗೆ ದುಡಿಮೆ. ನಿಮ್ಮ ಗದ್ದೆ ಎಲ್ಲಿ? ಹೇಳಿ, ಎಲ್ರೂ ಬರ್ತೀವಿ."

"ನನಗೆ ಗದ್ದೆ ಇಲ್ಲಮ್ಮ."

"ಅಯ್ಯೋ ದೇವರೇ, ಗದ್ದೇನೇ ಇಲ್ವೇ!" ಅಜ್ಜಿಗೆ ನಿಜವಾಗಿಯೂ ಕಷ್ಟವಾಯಿತು. "ಈ ಋಣ ಹೊತ್ಕೊಂಡು ನಾನು ಹೇಗೆ ಸಾಯ್ಲಿ?"

ಬೊಕ್‌ಹೀ ತಟ್ಟನೆ ಎದ್ದು ನಿಂತಳು. "ಇದೆ ಅಜ್ಜಿ! ಸಾಹೇಬ್ರು ದುಡಿಯೋ ಜಾಗ ಶಾಲೆ. ಊರಿಗೆ ಬೇಡ ಅಂದ್ರೆ ಅದನ್ನ ಮುಚ್ಚೋಕೇ ಅವ್ರು ಬಂದಿರೋದು. ಮುಯ್ಯಿ ತೀರಿಸೋದಾದ್ರೆ ನಾಳೆ ಅಲ್ಲಿಗೇ ಬನ್ನಿ."

ಸಾಹೇಬರು ಆ ರಾತ್ರಿ ಊರಲ್ಲೇ ಉಳಿದರು. ಹೇಗೂ ಹೊಳೆ ತುಂಬಿ ಬಸ್ಸು ಆಚೆ ದಡದಲ್ಲೇ ನಿಂತಿತ್ತು.

ಮರುದಿನ ಬೊಕ್‌ಹೀ ಗಂಟೆಯ ಹಗ್ಗಕ್ಕೆ ಕೈ ಹಾಕುವ ಮೊದಲೇ ಕೋಣೆ ತುಂಬಿಹೋಗಿತ್ತು. ಮಕ್ಕಳು, ಮಕ್ಕಳ ಅಪ್ಪಂದಿರು, ಬೆನ್ನಿಗೆ ಕೂಸು ಕಟ್ಟಿಕೊಂಡ ತಾಯಂದಿರು. ಹೊಸ್ತಿಲಾಚೆ ಕಪ್ಪು ರಬ್ಬರ್ ಚಪ್ಪಲಿಗಳ ರಾಶಿ. ಎಲ್ಲರಿಗಿಂತ ಮುಂದೆ, ಬೆನ್ನು ನೆಟ್ಟಗೆ ಮಾಡಿ, ಸ್ಲೇಟು ಹಿಡಿದು ಹಾದೊಂಗ್ ಅಜ್ಜಿ. ಸಾಹೇಬರು ಕೂರಲು ಜಾಗವಿಲ್ಲದೆ ಬಾಗಿಲಲ್ಲೇ ನಿಂತು, ವರದಿ ಬರೆಯಲು ಪೆನ್ನು ತೆರೆದುಕೊಂಡು ನೋಡುತ್ತಿದ್ದರು.

ಮಧ್ಯಾಹ್ನದ ಗಂಟೆಯಾಯಿತು. ದೊಡ್ಡವರು ಒಬ್ಬೊಬ್ಬರಾಗಿ ಎದ್ದರು. ಅಜ್ಜಿ ಮಾತ್ರ ಏಳಲಿಲ್ಲ. ತನ್ನ ಹೆಸರಿನ ಮೊದಲ ಅಕ್ಷರವನ್ನು ಒರೆಸಿ ಮತ್ತೆ ಬರೆಯುತ್ತಿದ್ದಳು.

"ಅಜ್ಜಿ, ಅರ್ಧ ದಿನ ಆಯ್ತು," ಎಂದಳು ಬೊಕ್‌ಹೀ. "ಮುಯ್ಯಿ ತೀರ್ತು."

"ತೀರ್ತು ಕಣಮ್ಮ. ಇನ್ಮೇಲಿಂದು ಸಾಹೇಬ್ರ ಮೇಲೆ ಬಾಕಿ," ಎಂದಳು ಅಜ್ಜಿ ತಲೆಯೆತ್ತದೆ. "ಬರೋ ವರ್ಷ ನಾಟಿಗೆ ಬಂದು ತೀರಿಸ್ಲಿ. ಅಲ್ಲೀತನಕ ಶಾಲೆ ಮುಚ್ಚೋ ಹಾಗಿಲ್ಲ."

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದರು.

"ಬರ್ತೀನಮ್ಮ. ಆದ್ರೆ ಹಗ್ಗದ ನಿನ್ನೆಯ ತುದಿ ಬೇಡ, ಜಿಗಣೆ ಜಾಸ್ತಿ."