ಬಸಲಿಂಗವ್ವನ ಹೆಪ್ಪು

ಡಾ. ಮಧುಮತಿಯ ಎಂಟು ವರ್ಷದ ದುಡಿಮೆ ಒಂದು ಸಣ್ಣ ಬಾಟಲಿಯೊಳಗಿತ್ತು...

ಹೊಲದ ಮಣ್ಣಿನಲ್ಲಿ ಉಳಿದುಹೋದ ಕೀಟನಾಶಕದ ವಿಷವನ್ನು ತಿನ್ನುವ ಬ್ಯಾಕ್ಟೀರಿಯಾ. ಅದರ ಜೀನ್‌ಗಳನ್ನು ಲ್ಯಾಬಿನಲ್ಲಿ ಅವಳೇ ತಿದ್ದಿ ಕಟ್ಟಿದ್ದಳು.

ವಿಷ ಮುಗಿದ ಮೇಲೆ ಅದು ತಾನಾಗಿಯೇ ಸಾಯಬೇಕು. ಅದಕ್ಕೆಂದೇ ಒಳಗೊಂದು ಸ್ವಿಚ್ ಇಟ್ಟಿದ್ದಳು.

ಕೊನೆಯ ಪರೀಕ್ಷೆಯ ನಲವತ್ತು ಗಾಜಿನ ತಟ್ಟೆಗಳಲ್ಲಿ ಮೂವತ್ತೊಂಬತ್ತರಲ್ಲಿ ಸತ್ತಿತ್ತು. ಒಂದರಲ್ಲಿ ಮಾತ್ರ ಬದುಕಿತ್ತು...

"ನನ್ನದೇ ಕೈತಪ್ಪಿರಬೇಕು" ಎಂದುಕೊಂಡು ಸುಮ್ಮನಾದಳು. ಅದೇ ವಾರ ಒಂದು ಹಳ್ಳಿಯ ಹೊಲಕ್ಕೆ ಅದನ್ನು ಬಿಡುವ ಕಾರ್ಯಕ್ರಮ. ಆಗಲೇ ಶಾಮಿಯಾನ ಎದ್ದಿತ್ತು.

ಆ ಊರಿನಲ್ಲಿ ಅವಳು ಉಳಿದುಕೊಂಡದ್ದು ಬಸಲಿಂಗವ್ವನ ಮನೆಯಲ್ಲಿ. ಊರಿನ ಅರ್ಧ ಮನೆಗಳ ಹಾಲಿಗೆ ಹೆಪ್ಪು ಹೋಗುತ್ತಿದ್ದುದು ಈ ಮುದುಕಿಯ ಗಡಿಗೆಯಿಂದಲೇ.

ಕಾರ್ಯಕ್ರಮದ ಹಿಂದಿನ ದಿನ ಬೆಳಿಗ್ಗೆ, ತನ್ನ ಗಡಿಗೆಯ ಮೊಸರು ನೋಡಿದ ಮುದುಕಿ ಚಹಾ ಕೂಡ ಕುಡಿಯದೆ ಮನೆ ಮನೆ ತಿರುಗಲು ಹೊರಟಳು. ಮಧುಮತಿಯೂ ಹಿಂದೆ ನಡೆದಳು.

"ಏನ್ ಆಯಿ, ಕೊಟ್ಟ ಹೆಪ್ಪು ವಾಪಸ್ ಇಸ್ಕೊಳ್ಳಾಕ ಬಂದಿಯೇನು?" ಎಂದು ಒಂದು ಮನೆಯ ಸೊಸೆ ನಕ್ಕಳು.

"ಹೂಂ ನನ್ನವ್ವಾ. ಮೊಸರು ಲೋಳಿ ಆಗೇತಿ, ಚೆಲ್ಲಿಬಿಡು. ಗಡಗಿ ಬಿಸಿನೀರಾಗ ತೊಳದು ಬಿಸಲಿಗಿಡು. ತಪ್ಪು ನಂದು."

ಒಂಬತ್ತನೆಯ ಮನೆಯ ಕಟ್ಟೆಯ ಮೇಲೆ ಮುದುಕಿ ಕುಸಿದು ಕೂತಳು.

"ಮೊಸರಿಗೆ ಇಷ್ಟ್ಯಾಕ ತಿರುಗಾಟ, ಆಯಿ?" ಎಂದು ಮಧುಮತಿ ಕೇಳಿದಳು.

"ಮೊದ್ಲು ಒಂದ್ ಬಟ್ಟಲದಾಗ ಹಾಕಿ, ಮರುದಿನ ರುಚಿ ನೋಡೇ ಹೆಪ್ಪು ಕೊಡಾಕಿ ನಾ, ತಂಗಿ. ಮೊನ್ನೆ ಬಸರಿ ಸೊಸಿ ಕುಬಸ ಇಟ್ಕೊಂಡ ಮನಿಯವರು ಅವಸರ ಮಾಡಿದ್ರು... ಅದೊಂದಿನ ನೋಡಲಿಲ್ಲ. ನಾ ಕೊಟ್ಟಿದ್ದು ಮೂರು ಮನಿಗೆ. ಅವರು ಮತ್ಯಾರಿಗೋ, ಅವರು ಇನ್ಯಾರಿಗೋ... ಜೀವ ಇರೂ ವಸ್ತು ನೋಡು. ಕೈಬಿಟ್ಟಮ್ಯಾಲ ನಮ್ಮ ಮಾತು ಕೇಳೂದಿಲ್ಲ."

ಮಧುಮತಿಗೆ ಆ ಒಂದು ತಟ್ಟೆ ನೆನಪಾಯಿತು...

ಅಲ್ಲಿಂದಲೇ ತನ್ನ ಮುಖ್ಯಸ್ಥರಿಗೆ ಫೋನ್ ಮಾಡಿದಳು.

"ಸರ್, ನಾಳೆ ಬೇಡ."

"ತಲೆ ಕೆಟ್ಟಿದೆಯೇನಮ್ಮ? ಶಾಮಿಯಾನ ಹಾಕಿಸಿ ಆಗಿದೆ!"

"ಶಾಮಿಯಾನ ಬಿಚ್ಚಬಹುದು ಸರ್... ಮಣ್ಣಿಗೆ ಬಿಟ್ಟದ್ದನ್ನ ಹೆಕ್ಕಿ ತೆಗೆಯೋಕಾಗಲ್ಲ."

ಫೋನ್ ಕಟ್ ಆಯಿತು. ಎಂಟು ವರ್ಷದ ಕೆಲಸ ಇಲ್ಲಿಗೇ ನಿಲ್ಲಬಹುದೆಂದು ಅವಳಿಗೆ ಗೊತ್ತಿತ್ತು.

ಬಾಟಲಿಯನ್ನು ತೆರೆಯದೆ ಲ್ಯಾಬಿಗೆ ಮರಳಿ ನಾನೂರು ತಟ್ಟೆ ಇಟ್ಟಳು. ಒಂಬತ್ತರಲ್ಲಿ ಜೀವ ಉಳಿದಿತ್ತು... ಕೈತಪ್ಪಲ್ಲ, ಸ್ವಿಚ್ಚಿನಲ್ಲೇ ದೋಷ.

ತಿದ್ದಲು ಹದಿನಾಲ್ಕು ತಿಂಗಳು ಹಿಡಿಯಿತು. ಜೊತೆಯವರು ಅವಳನ್ನು "ಮೊಸರು ಮೇಡಂ" ಎಂದು ಆಡಿಕೊಂಡರು.

ಎಲ್ಲ ಪರೀಕ್ಷೆ ಮುಗಿದು, ಹೊಸದಾಗಿ ಅನುಮತಿ ಬಂದ ಮೇಲೆ ಮತ್ತೆ ಅದೇ ಹೊಲಕ್ಕೆ ಬಂದಳು. ಈ ಸಲ ಶಾಮಿಯಾನ ಇರಲಿಲ್ಲ. ಬದುವಿನ ಮೇಲೆ ಬಸಲಿಂಗವ್ವ ಒಬ್ಬಳೇ ಕೂತಿದ್ದಳು.

ಮಧುಮತಿ ಬಾಟಲಿಯ ಮುಚ್ಚಳಕ್ಕೆ ಕೈ ಹಾಕುತ್ತಲೇ ಮುದುಕಿ ಕೇಳಿದಳು...

"ರುಚಿ ನೋಡೀಯೇನು, ತಂಗಿ?"

ಮಧುಮತಿಯ ಕಣ್ಣು ತುಂಬಿ ಬಂತು.

"ನೋಡೀನಿ, ಆಯಿ..."

"ಹಂಗಾರ ಹಾಕು."

*

ಮರಳಿ ಕರೆಯಲಾಗದ್ದನ್ನು ಊರಿಗೆ ಬಿಡುವವರು ಮೊದಲು ತಮ್ಮ ಬಟ್ಟಲಿನಲ್ಲಿ ನೋಡಿಕೊಳ್ಳಬೇಕು.

ಇವತ್ತು ನೀವು ಅವಸರದಲ್ಲಿ ಹಂಚಲು ಹೊರಟಿರುವುದು ಏನು... ಅದರ ರುಚಿ ನೋಡಿದ್ದೀರಾ?