ಚಿಲಕವಿಲ್ಲದ ಹಡಗು

"ಅಲ್ಲವ್ವಾ, ಮ್ಯಾಲ ಗಾಳಿನ ಇಲ್ಲ ಅಂತಾರ. ಆಕಿ ಕೂದಲ ಹೆಂಗ ಹಾರಾಕತ್ತಾವ?"

ಪರದೆಯ ಮೇಲೆ ಆಕಾಶದ ಹಡಗು ಇನ್ನೂ ಭೂಮಿ ಬಿಟ್ಟು ಮೇಲೇರಿತ್ತಷ್ಟೆ, ಏಕಾಂತಪ್ಪ ಆಗಲೇ ಮೊದಲ ತಪ್ಪು ಹಿಡಿದಿದ್ದ. ಪಕ್ಕದಲ್ಲಿ ಕೂತಿದ್ದ ಮಗಳು ಹೇಮಾವತಿ ಕಣ್ಣು ಮುಚ್ಚಿಕೊಂಡಳು. ಏಕಾಂತಪ್ಪ, ಕನ್ನಡ ತೆಲುಗು ಎರಡೂ ನಡೆಯುವ ಆಂಧ್ರದ ಗಡಿ ಊರು ಆದವಾನಿಯ ಮಾರ್ಕೆಟ್ಟಿನಲ್ಲಿ ಹತ್ತಿ ವ್ಯಾಪಾರಿ. ಚೀಲಕ್ಕೆ ಕೈ ಹಾಕಿ ಚಿಟಿಕೆ ಹತ್ತಿ ಕಿತ್ತು, ಎರಡು ಹೆಬ್ಬೆರಳ ನಡುವೆ ಎಳೆದು ನೋಡಿ, ಕಸ ಐತಿ, ಹಸಿ ಐತಿ, ಹಳದಿ ತಿರುಗೇತಿ ಎಂದು ಮೂಗು ಮುರಿಯುವುದೇ ಅವನ ಕಸುಬು. ಇಂಥವನನ್ನು ಸಿನಿಮಾಕ್ಕೆ ಕರೆತಂದದ್ದು ಹೇಮಾವತಿಯ ಗ್ರಹಚಾರ.

ಏನು ಮಾಡುವುದು? ತೆಲುಗಿಗೆ ಡಬ್ ಆದ ಈ ಇಂಗ್ಲಿಷ್ ಸಿನಿಮಾದಲ್ಲಿ ಹಡಗಿನ ಹೆಣ್ಣು ಕ್ಯಾಪ್ಟನ್ನಿಗೆ ದನಿ ಕೊಟ್ಟವಳು ಅವಳೇ. ಬೇಸಿಗೆಯಲ್ಲಿ ಹೈದರಾಬಾದಿನ ಚಿಕ್ಕಮ್ಮನ ಮನೆಗೆ ಹೋದವಳು ಹೇಗೋ ಸ್ಟುಡಿಯೋ ಮೆಟ್ಟಿಲು ಹತ್ತಿದ್ದಳು. ಈಗ ಇನ್ನೊಂದು ಸಿನಿಮಾಕ್ಕೆ ಕರೆ ಬಂದಿತ್ತು. "ಮಾಲು ನೋಡದ ನಾ ಹೂಂ ಅನ್ನಂಗಿಲ್ಲ" ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದ. ಅವನು ಹೂಂ ಅಂದರೆ ನಾಳೆಯ ರೈಲು, ಇಲ್ಲವಾದರೆ ಅಲ್ಲಿಗೆ ಮುಗಿಯಿತು. ಅವನನ್ನು ಎದುರುಹಾಕಿಕೊಂಡು ಹೋದರೆ ತನ್ನ ಗಂಟಲಿನಿಂದ ದನಿಯೇ ಹೊರಡದು ಎಂಬುದು ಅವಳಿಗೆ ಗೊತ್ತಿತ್ತು.

ಅವಳು ಕಣ್ಣು ಮುಚ್ಚಿಕೊಂಡದ್ದು ಕ್ಯಾಪ್ಟನ್ನಿನ ಕೂದಲಿಗಾಗಿ ಅಲ್ಲ. ಸಿನಿಮಾದ ಕೊನೆಯಲ್ಲಿ ಹೇಮಾವತಿಯದೇ ಒಂದು ತಪ್ಪಿತ್ತು. ಕ್ಯಾಪ್ಟನ್ ಕಪ್ಪು ಕುಳಿಗೆ ಜಾರುವ ದೃಶ್ಯಕ್ಕೆ ದನಿ ಕೊಡುವಾಗ ನಿಜವಾಗಿಯೂ ಹೆದರಿ, ಎದುರಿಗೆ ಬರೆದಿಟ್ಟಿದ್ದ ತೆಲುಗು ಮಾತನ್ನು ಮರೆತು, ಮನೆಮಾತಾದ ಕನ್ನಡದಲ್ಲೇ ಕಿರುಚಿಬಿಟ್ಟಿದ್ದಳು. ಪರದೆಯವಳ ತುಟಿಗೆ ಹೊಂದಿತು, ಒಂದೇ ಟೇಕಿಗೆ ಓಕೆಯೂ ಆಯಿತು. ಸಿಡಿತ, ಗುಡುಗುಗಳ ಗದ್ದಲದಲ್ಲಿ ಹೈದರಾಬಾದಿನವರಿಗೆ ಗೊತ್ತಾಗಲಿಲ್ಲ. ಆದವಾನಿಯವರಿಗೆ ಗೊತ್ತಾಗದೆ ಇರುತ್ತದೆಯೇ!

"ಹೋಗಿ ಎಂಟು ವರ್ಷ ಆತಂತ. ಒಬ್ಬಂಗರ ಗಡ್ಡ ಬೆಳದೈತೇನು ನೋಡು."

"ಡ್ಯಾಡಿ, ಮೆಲ್ಲಗ ಮಾತಾಡು."

ಹಿಂದಿನ ಸಾಲಿನಿಂದ ಮಾರ್ಕೆಟ್ಟಿನ ಹಮಾಲಿ ಭೀಮಣ್ಣ ಕೂಗಿದ: "ಸಾವ್ಕಾರ್ರ, ಮಾಲು ನಾಳೆ ನೋಡ್ರಿ! ಇವತ್ತು ನಮಗ ಸಿನಿಮಾ ನೋಡಾಕ ಬಿಡ್ರಿ ಸಾಮೀ!" ಟಾಕೀಸಿಗೆ ಟಾಕೀಸೇ ನಕ್ಕಿತು.

ಇಂಟರ್‌ವೆಲ್ ಮುಗಿದ ಮೇಲೆ ಸಿನಿಮಾಕ್ಕೆ ಅದೇನು ಕಸುವು ಬಂತೋ! ಪರದೆ ತುಂಬ ಚುಕ್ಕಿಗಳು, ಹಿಂಜಿದ ಹತ್ತಿಯಂಥ ಬೆಳಕಿನ ಮೋಡಗಳು, ಅವುಗಳ ನಡುವೆ ಬೆಂಕಿ ಉಗುಳುತ್ತ ನುಗ್ಗುವ ಹಡಗು. ಅಬ್ಬಬ್ಬಾ! ಏಕಾಂತಪ್ಪನ ಕೈಯಲ್ಲಿದ್ದ ಶೇಂಗಾ ಪೊಟ್ಟಣ ಕೆಳಗೆ ಬಿದ್ದದ್ದು ಅವನಿಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಹಡಗಿನ ಬಾಗಿಲು ತಾನಾಗಿ ತೆರೆದುಕೊಳ್ಳತೊಡಗಿತು. ಉಳಿದವರು ಪಾರಾಗುವ ತನಕ ಯಾರಾದರೂ ಅದನ್ನು ಕೈಯಿಂದ ಒತ್ತಿ ಹಿಡಿಯಲೇಬೇಕು. ಕ್ಯಾಪ್ಟನ್ ಹೆಗಲು ಕೊಟ್ಟು ನಿಂತಳು.

"ಚುಕ್ಕಿಗೆ ಹೋಗೋ ಹಡಗಕ್ಕ ಒಂದು ಚಿಲಕ ಬ್ಯಾಡೇನು? ನಮ್ಮ ಗೋದಾಮಿಗೆ ಎರಡದಾವಲ್ಲೋ!" ಎಂದು ಏಕಾಂತಪ್ಪ ರೇಗಿದ. ಬಾಯಿ ಹಾಗೆಂದರೂ ಅವನ ಎರಡೂ ಅಂಗೈ ಮುಂದಿನ ಸೀಟನ್ನು ಒತ್ತಿ ಹಿಡಿದಿದ್ದವು. ಮುಂದೆ ಕೂತವನು ಗೊಣಗಿದರೂ ಬಿಡಲಿಲ್ಲ.

ಜೊತೆಯವರೆಲ್ಲ ಪಾರಾದರು. ಕ್ಯಾಪ್ಟನ್ನಿನ ಕೈ ಜಾರಿತು. ಬಾಗಿಲು ಕಿತ್ತು ಹಾರಿತು, ಅವಳು ಆ ಕಗ್ಗತ್ತಲೆಯ ಬಾಯಿಗೆ ಬೀಳುತ್ತಾ ಕಿರುಚಿದಳು:

"ಯಪ್ಪಾ! ಕೈ ಹಿಡಿಯೋ ಯಪ್ಪಾ! ಬೀಳಾಕತ್ತೀನೋ!"

ಹೇಮಾವತಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಪಕ್ಕದ ಸೀಟು ಧಡ್ ಎಂದಿತು. ಏಕಾಂತಪ್ಪ ಎದ್ದು ನಿಂತು ಪರದೆಯ ಕಡೆ ಕೈ ಚಾಚಿದ್ದ.

"ಅದೀನವ್ವಾ! ಇಲ್ಲೇ ಅದೀನಿ!"

ಆಮೇಲೆ ಎದ್ದ ಸಿಳ್ಳೆ, ಕೇಕೆ ಕೇಳಬೇಕು! "ಮನ ಆದೋನಿ ಪಿಲ್ಲರಾ!", ನಮ್ಮ ಆದವಾನಿಯ ಹುಡುಗಿ, ಎಂದು ತೆಲುಗಿನಲ್ಲಿ ಒಬ್ಬ, "ನಮ್ಮ ಸಾವ್ಕಾರ್ರ ಮಗಳ ದನಿರೋ ಅದು!" ಎಂದು ಕನ್ನಡದಲ್ಲಿ ಭೀಮಣ್ಣ. ಪರದೆಯ ಮೇಲೆ ಎಲ್ಲಿಂದಲೋ ಒಂದು ಹಗ್ಗ ತೇಲಿ ಬಂತು, ಕ್ಯಾಪ್ಟನ್ ಅದನ್ನು ಹಿಡಿದು ಮೇಲೆ ಬಂದಳು. ಆ ಹಗ್ಗ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಏಕಾಂತಪ್ಪನೂ ಕೇಳಲಿಲ್ಲ.

ಹೊರಗೆ ಬಿಸಿಲಿಗೆ ಬಂದು, ಟವೆಲಿನಿಂದ ಕಣ್ಣು ಒರೆಸಿಕೊಂಡ ಮೇಲೆ ಅವನು ಮತ್ತೆ ಮಾರ್ಕೆಟ್ಟಿನ ಏಕಾಂತಪ್ಪನಾದ. "ಕಸ ಭಾಳ ಐತಿ" ಎಂದ.

ಹೇಮಾವತಿ ತಾನಾಗಿಯೇ ಒಪ್ಪಿಕೊಂಡಳು. "ನಂದೂ ಒಂದು ತಪ್ಪಾತು ಡ್ಯಾಡಿ. ತೆಲುಗಿನ್ಯಾಗ ಅನ್ನಬೇಕಾಗಿತ್ತು. ಸ್ಟುಡಿಯೋಕ್ಕ ಹೇಳ್ತೀನಿ, ಮೊಬೈಲ್‌ನ್ಯಾಗ ಸಿನಿಮಾ ಬಿಡೋದರೊಳಗ ಅದನ್ನ ತೆಗೀತಾರ."

ಇಂಗ್ಲಿಷ್ ಸ್ಕೂಲಿಗೆ ಸೇರಿದ ದಿನದಿಂದ ಅವಳ ಬಾಯಲ್ಲಿ ಅವನು ಡ್ಯಾಡಿಯೇ. ಏಕಾಂತಪ್ಪ ಬೈಕಿನ ಕೀಲಿ ಹುಡುಕಿದ.

"ನಾಳೆ ರೈಲಿಗೆ ಹೋಗು. ಹೋಗಿ ಅವರಿಗೆ ಹೇಳು, ಆಕಿ ಕೂದಲ ಕಟ್ಟಸ್ರಿ, ಗಂಡಸರಿಗೆ ಗಡ್ಡ ಬೆಳಸ್ರಿ ಅಂತ." ಬೈಕ್ ಶುರು ಮಾಡಿ, ಹಿಂದೆ ಕೂತ ಮಗಳ ಕಡೆ ತಿರುಗದೆಯೇ ಅಂದ: "ಬಾಗಿಲಕ್ಕ ಮಾತ್ರ ಚಿಲಕ ಹಾಕಿಸಬ್ಯಾಡ. ಚಿಲಕ ಇದ್ದಿದ್ದರ ನೀ ನನ್ನ ಯಪ್ಪಾ ಅಂತ ಎಲ್ಲಿ ಕರೀತಿದ್ದಿ?"