ಒಳಗಿನ ಚಿಲಕ

ತಿಪಟೂರಿನ ಕಾಳಾಚಾರರ ಮರಗೆಲಸದ ಅಂಗಡಿಗೆ ಒಬ್ಬ ಕೆಲಸ ಕೇಳಿಕೊಂಡು ಬಂದ. ಹೆಸರು ರಂಗಧಾಮ.

ಬದುವಿನ ಜಗಳದಲ್ಲಿ ಎತ್ತಿದ ಕೈಯಿಂದ ಒಂದು ಜೀವ ಹೋಗಿತ್ತು... ಮೀಸೆ ಚಿಗುರುವಾಗ ಜೈಲಿಗೆ ಹೋದವನು, ತಲೆ ನರೆತ ಮೇಲೆ ಹೊರಗೆ ಬಂದಿದ್ದ.

ಒಳಗಿದ್ದಾಗ ಬಡಗಿ ಕೆಲಸದ ಟ್ರೈನಿಂಗ್ ಕೊಟ್ಟಿದ್ದರು. ಶ್ರದ್ಧೆಯಿಂದ ಕಲಿತಿದ್ದ.

ಬೇರೆ ಅಂಗಡಿಯವರು ಸರ್ಟಿಫಿಕೇಟ್ ನೋಡಿ ಸ್ಟೂಲು ಕೊಟ್ಟರು... ಅದರ ಮೇಲಿನ ಜೈಲಿನ ಸೀಲು ನೋಡಿ ಸ್ಟೂಲು ವಾಪಸ್ ತೆಗೆದುಕೊಂಡರು.

ಕಾಳಾಚಾರರು ಸೀಲು ನೋಡಲಿಲ್ಲ. ಅವನು ಉಳಿ ಹಿಡಿಯುವ ರೀತಿ ನೋಡಿದರು. ಆದರೆ ಅವರಿಗೂ ಭಯವಿತ್ತು. ಒಂದೇ ಒಂದು ಕಂಪ್ಲೇಂಟ್ ಬಂದರೂ ಇಟ್ಟುಕೊಳ್ಳುವುದಿಲ್ಲ ಎಂದು ಮೊದಲೇ ಹೇಳಿದರು.

ಇಲ್ಲೂ ಆಗದಿದ್ದರೆ ಅವನಿಗೆ ಬೇರೆ ದಾರಿ ಇರಲಿಲ್ಲ...

ಸರ್ವಮಂಗಳಮ್ಮ ಎನ್ನುವವರು ಹೆಣ್ಣುಮಕ್ಕಳ ಪಿ.ಜಿ. ನಡೆಸುತ್ತಿದ್ದರು. ಊರಿಗೆಲ್ಲ ಅವರ ಬಾಯಿಯ ಪರಿಚಯವಿತ್ತು. ಅವರ ಒಂದು ರೂಮಿಗೆ ಹೊಸ ಬಾಗಿಲು ಮಾಡಿದ್ದು ರಂಗಧಾಮ. ಕೂರಿಸಿ ಬಂದವನೂ ಅವನೇ.

ಮಾರನೇ ದಿನ ಸರ್ವಮಂಗಳಮ್ಮ ಅಂಗಡಿಗೆ ನುಗ್ಗಿದರು.

ಬಾಗಿಲು ಚೆನ್ನಾಗಿತ್ತಂತೆ. ಚಿಲಕವೂ ಗಟ್ಟಿಯಾಗಿತ್ತಂತೆ. ಆದರೆ ಇದ್ದದ್ದು ಹೊರಗಡೆ ಮಾತ್ರ! ಒಳಗೆ ಚಿಲಕವೇ ಇಲ್ಲ. ಆ ರೂಮಿನ ಹುಡುಗಿ ಪಾಪ, ಬಾಗಿಲಿಗೆ ಮೇಜು ಅಡ್ಡ ಇಟ್ಟುಕೊಂಡು ಮಲಗಿದ್ದಳಂತೆ.

"ಹೆಣ್ಮಕ್ಕಳ ರೂಮಿಗೆ ಹೊರಗಡೆ ಒಂದೇ ಚಿಲಕ ಇಡ್ತಾರೇನ್ರೀ ಆಚಾರ್ರೇ? ನಾನೇನು ಜೈಲು ನಡೆಸ್ತಿದೀನಾ?"

ಆಚಾರರು ಅಂಟಿನ ಡಬ್ಬಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ರಂಗಧಾಮನೇ ಮುಂದೆ ಬಂದ.

"ತಪ್ಪು ನಂದೇ ಅಮ್ಮ... ನಾನು ಜೈಲಲ್ಲೇ ಕೆಲಸ ಕಲ್ತಿದ್ದು. ಬಾಗಿಲು ಮಾಡೋದು ಕಲಿಸಿದ್ರು. ಚಿಲಕ ಯಾವ ಕಡೆ ಅಂತ ಯಾರೂ ಹೇಳ್ಕೊಡ್ಲಿಲ್ಲ. ಇಷ್ಟು ವರ್ಷ ನಾನು ನೋಡಿದ ಬಾಗಿಲಿಗೆಲ್ಲ ಹೊರಗಡೆನೇ ಇತ್ತು."

ಬಾಯಿಗೆ ಹೆಸರಾದ ಸರ್ವಮಂಗಳಮ್ಮ ಒಂದು ಮಾತೂ ಆಡದೆ ಹೊರಟುಹೋದರು...

ಆಚಾರರು ಬಯ್ಯಲಿಲ್ಲ. ಆ ದಿನದ ಕೂಲಿ ಕೈಗಿಟ್ಟು, ನಾಳೆಯಿಂದ ಬರಬೇಡ ಎಂದರು. ರಂಗಧಾಮ ಉಳಿಗಳನ್ನು ಒರೆಸಿ, ಜೋಡಿಸಿಟ್ಟು, ಚಪ್ಪಲಿ ಮೆಟ್ಟಿಕೊಂಡ.

ಅಷ್ಟರಲ್ಲಿ ಸರ್ವಮಂಗಳಮ್ಮ ತಿರುಗಿ ಬಂದರು. ಅರ್ಧ ದಾರಿಯಿಂದ ವಾಪಸ್ ಬಂದಿದ್ದರು. ಕೈಯಲ್ಲಿ ಹಾರ್ಡ್‌ವೇರ್ ಅಂಗಡಿಯ ಕವರು, ಅದರಲ್ಲಿ ಹೊಸ ಚಿಲಕ.

ತಾನೇ ಬಂದು ಹಾಕಿಕೊಡುತ್ತೇನೆ ಎಂದರು ಆಚಾರರು. ಆಕೆ ಒಪ್ಪಲಿಲ್ಲ. ಬಾಗಿಲು ಮಾಡಿದವನೇ ಬರಬೇಕು ಎಂದರು.

ಮೂವರೂ ಪಿ.ಜಿ.ಗೆ ಹೋದರು. ರಂಗಧಾಮ ಬಾಗಿಲ ಒಳಬದಿಗೆ ಚಿಲಕ ಕೂರಿಸಿದ. ತೆರೆದ ಬಾಗಿಲಲ್ಲೇ ನಿಂತು ಎರಡು ಸಲ ಸರಿಸಿ, ಸರಿಯಾಗಿದೆ ಎಂದ.

"ಹಂಗಲ್ಲಪ್ಪ," ಅಂದರು ಸರ್ವಮಂಗಳಮ್ಮ. "ಒಳಗೆ ಹೋಗು. ಬಾಗಿಲು ಮುಚ್ಕೊ. ನೀನೇ ಚಿಲಕ ಹಾಕ್ಕೊಂಡು ನೋಡು."

ಅವನಿಗೆ ಅರ್ಥವಾಗಲಿಲ್ಲ. ಆದರೂ ಹೋದ.

ಬಾಗಿಲು ಮುಚ್ಚಿತು... ಚಿಲಕ ಬಿದ್ದ ಸದ್ದು ಕೇಳಿತು...

ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ, ಬಾಯಿಗೆ ಬಟ್ಟೆ ಒತ್ತಿಕೊಂಡು ಅಳುವ ಸದ್ದು.

ಗಾಬರಿಯಾದ ಆಚಾರರು ಬಾಗಿಲು ಬಡಿಯಲು ಕೈ ಎತ್ತಿದರು. ಸರ್ವಮಂಗಳಮ್ಮ ಆ ಕೈ ಹಿಡಿದುಕೊಂಡರು.

"ಬಡೀಬೇಡಿ. ಅವನಿಗೆ ಬೇಕು ಅನ್ನಿಸಿದಾಗ ಅವನೇ ತೆಗೀಲಿ."

ಬಾಗಿಲಾಚೆ ಇಬ್ಬರೂ ಕಾಯುತ್ತ ನಿಂತರು. ಅವನಿಗಾಗಿ ಯಾರಾದರೂ ಹಾಗೆ ಕಾದದ್ದು ಬಹುಶಃ ಅದೇ ಮೊದಲು.

ಕೊನೆಗೆ ಚಿಲಕ ಸರಿಯಿತು. ಮುಖ ಒರೆಸಿಕೊಂಡು ಹೊರಗೆ ಬಂದ ರಂಗಧಾಮ ನೆಲ ನೋಡುತ್ತಾ, ಗಟ್ಟಿಯಾಗಿದೆ ಅಮ್ಮ, ಎಂದಷ್ಟೇ ಹೇಳಿದ.

ಸರ್ವಮಂಗಳಮ್ಮ ಆಚಾರರ ಕಡೆ ತಿರುಗಿದರು.

"ಮೇಲಿನ ರೂಮುಗಳ ಬಾಗಿಲೂ ಹಳೇವಾಗಿವೆ. ಎಲ್ಲಾ ಇವನೇ ಮಾಡ್ಲಿ. ಇವನು ನಿಮ್ಮ ಅಂಗಡೀಲಿ ಇಲ್ಲ ಅಂದ್ರೆ ಈಗಲೇ ಹೇಳಿ, ನಾನು ಇವನ ಹತ್ರಾನೇ ಮಾತಾಡ್ಕೋತೀನಿ."

ಆಚಾರರು ಗಂಟಲು ಸರಿಮಾಡಿಕೊಂಡರು. "ಇದಾನಲ್ಲಮ್ಮ... ಎಲ್ಲಿ ಹೋಗ್ತಾನೆ?"

ಆಮೇಲೆ ರಂಗಧಾಮನ ಭುಜದ ಮೇಲೆ ಕೈಯಿಟ್ಟು, ನಾಳೆ ಬೇಗ ಬಾ, ಅಳತೆ ತಗೋಬೇಕು ಎಂದರು.

*

ಕಲಿತ ಕೆಲಸ ಕೈಗೆ ಬಲ ಕೊಡುತ್ತದೆ... ಆದರೆ ಮನುಷ್ಯನಿಗೆ ನಿಜವಾದ ಬಿಡುಗಡೆ ಸಿಗುವುದು, ಇನ್ನೊಬ್ಬರು ಅವನನ್ನು ನಂಬಿದ ದಿನ.

ಶಿಕ್ಷೆ ಮುಗಿಸಿ ಬಂದ ಯಾರನ್ನಾದರೂ ನಾವು ಇನ್ನೂ ಹೊರಗಿನಿಂದ ಚಿಲಕ ಹಾಕಿಯೇ ಇಟ್ಟಿದ್ದೇವೆಯೇ?